ರೆಕಾರ್ಡರ್ ಎಷ್ಟು ದಿನ ನೆನಪಿಟ್ಟುಕೊಳ್ಳುತ್ತದೆ?

ಮಾನಿಟರ್‌ನಲ್ಲಿ ಸಿಸಿಟಿವಿಯ ನಾಲ್ಕೂ ಕ್ಯಾಮೆರಾಗಳ ಚಿತ್ರ ಕಾಣಿಸಿದ ಮಾತ್ರಕ್ಕೆ ರೆಕಾರ್ಡಿಂಗ್ ಆಗುತ್ತಿದೆ ಎಂದು ನಂಬಬೇಡಿ. ನೇರ ಚಿತ್ರ ಹಾರ್ಡ್ ಡಿಸ್ಕಿನ ಮೂಲಕ ಬರುವುದಿಲ್ಲ. ಡಿಸ್ಕ್ ಕೆಟ್ಟು ತಿಂಗಳಾಗಿದ್ದರೂ ಪರದೆ ಎಂದಿನಂತೆಯೇ ಇರುತ್ತದೆ. ಕಳ್ಳತನದ ಮರುದಿನ ಪ್ಲೇಬ್ಯಾಕ್ ತೆರೆದಾಗಲೇ ಅನೇಕರಿಗೆ ಇದು ಗೊತ್ತಾಗುವುದು. ತಿಂಗಳಿಗೊಮ್ಮೆ ಪ್ಲೇಬ್ಯಾಕ್‌ಗೆ ಹೋಗಿ ನಿನ್ನೆ ನಡುರಾತ್ರಿಯ ಐದು ನಿಮಿಷ, ಉಳಿದಿರುವ ಅತಿ ಹಳೆಯ ದಿನದ ಐದು ನಿಮಿಷ ನೋಡಿಬಿಡಿ.

ಆ ಹಳೆಯ ದಿನ ಯಾವುದು ಎಂಬುದನ್ನು ಲೆಕ್ಕ ಹಾಕಿಯೇ ಹೇಳಬಹುದು. ಬಿಟ್‌ರೇಟ್, ಅಂದರೆ ವಿಡಿಯೊ ದತ್ತಾಂಶ ಹರಿಯುವ ವೇಗ, ಸೆಕೆಂಡಿಗೆ 4 ಮೆಗಾಬಿಟ್ ಇದ್ದರೆ ಒಂದು ಕ್ಯಾಮೆರಾ ದಿನಕ್ಕೆ ಸುಮಾರು 43 ಜಿಬಿ ಬರೆಯುತ್ತದೆ, ನಾಲ್ಕು ಕ್ಯಾಮೆರಾಗಳು 173 ಜಿಬಿ. ಅಂದರೆ 1 ಟಿಬಿ ಡಿಸ್ಕ್ ಆರು ದಿನವೂ ಸಾಲದು. ತುಂಬಿದ ಮೇಲೆ ರೆಕಾರ್ಡರ್ ಹಳೆಯದನ್ನು ಅಳಿಸಿ ಅದರ ಮೇಲೆಯೇ ಬರೆಯುತ್ತದೆ. ವಿಡಿಯೊವನ್ನು ಕುಗ್ಗಿಸುವ ವಿಧಾನವಾಗಿ ಎಚ್.264 ಬದಲು ಎಚ್.265 ಆರಿಸಿದರೆ ಅದೇ ಗುಣಮಟ್ಟಕ್ಕೆ ಹೆಚ್ಚುಕಡಿಮೆ ಅರ್ಧ ಬಿಟ್‌ರೇಟ್ ಸಾಕು, ಆದರೆ ಸೆಟ್ಟಿಂಗ್‌ನಲ್ಲಿ ಬಿಟ್‌ರೇಟನ್ನೂ ಇಳಿಸಿದರೆ ಮಾತ್ರ ಜಾಗ ಉಳಿಯುತ್ತದೆ. ಡಿಸ್ಕ್ ಕೊಳ್ಳುವಾಗ ಹಗಲೂ ರಾತ್ರಿ ಬರೆಯುವುದಕ್ಕೆಂದೇ ಮಾಡಿದ ಸರ್ವೇಲೆನ್ಸ್ ಡಿಸ್ಕನ್ನೇ ಕೇಳಿ.

ಪರದೆಯನ್ನು ನಾಲ್ಕು ಭಾಗ ಮಾಡಿದಾಗ ಅನೇಕ ರೆಕಾರ್ಡರ್‌ಗಳು ತೋರಿಸುವುದು ಸಬ್‌ಸ್ಟ್ರೀಮ್, ಅಂದರೆ ಕಡಿಮೆ ಪಿಕ್ಸೆಲ್‌ಗಳ ಹಗುರ ಚಿತ್ರ. ಸ್ಪಷ್ಟತೆಯನ್ನು ಅಳೆಯಬೇಕಾದರೆ ಒಂದೇ ಕ್ಯಾಮೆರಾವನ್ನು ಪೂರ್ತಿ ಪರದೆಗೆ ತನ್ನಿ. ಅಪರಿಚಿತರ ಮುಖವನ್ನು ಗುರುತು ಹಿಡಿಯಲು ದೃಶ್ಯದ ಅಗಲದ ಪ್ರತಿ ಮೀಟರಿಗೆ ಸುಮಾರು 250 ಪಿಕ್ಸೆಲ್ ಬೇಕು. 1920 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಅದು 7.7 ಮೀಟರ್ ಅಗಲದ ದೃಶ್ಯಕ್ಕಷ್ಟೇ ಸಾಲುತ್ತದೆ. 90 ಡಿಗ್ರಿ ನೋಟದ ಲೆನ್ಸಾದರೆ ವ್ಯಕ್ತಿ ನಾಲ್ಕು ಮೀಟರಿಗಿಂತ ಹತ್ತಿರ ಇರಬೇಕಾಗುತ್ತದೆ. ಇಡೀ ಅಂಗಳ ಕಾಣುವ ಕ್ಯಾಮೆರಾದಿಂದ ಗೇಟಿನ ಬಳಿಯ ಮುಖವನ್ನು ನಿರೀಕ್ಷಿಸುವುದು ತಪ್ಪು. ಬಾಗಿಲಿಗೆ ಬೇರೆಯದೇ ಒಂದು ಇರಲಿ.

ಹೆಚ್ಚಿನ ತೊಂದರೆಗಳು ಶುರುವಾಗುವುದು ಕತ್ತಲಾದ ಮೇಲೆ. ಆಗ ಕ್ಯಾಮೆರಾದ ಇನ್‌ಫ್ರಾರೆಡ್ ದೀಪಗಳು ಹತ್ತುತ್ತವೆ. ಲೆನ್ಸಿನ ಮುಂದೆ ಜೇಡ ಕಟ್ಟಿದ ಒಂದೇ ಎಳೆ ಆ ಬೆಳಕಿಗೆ ಬೆಳ್ಳಗೆ ಹೊಳೆದು, ಗಾಳಿಗೆ ಅಲುಗಿದಾಗಲೆಲ್ಲ ಚಲನೆ ಕಂಡರೆ ಎಚ್ಚರಿಸುವ ಮೋಷನ್ ಅಲಾರ್ಮ್ ಬಡಿಯುತ್ತದೆ. ಒಣ ಬಟ್ಟೆಯಿಂದ ಒರೆಸುತ್ತಿರಿ. ದೀಪ ಪ್ರತ್ಯೇಕವಾಗಿದ್ದು ಕ್ಯಾಮೆರಾದಿಂದ ಸ್ವಲ್ಪ ದೂರದಲ್ಲಿದ್ದರೆ ಹುಳುಗಳ ಕಾಟವೂ ತಗ್ಗುತ್ತದೆ.

ಹಗಲೆಲ್ಲ ಸರಿಯಿದ್ದು ರಾತ್ರಿ ಮಾತ್ರ ಆಗಾಗ ಮಾಯವಾಗುವ ಕ್ಯಾಮೆರಾವನ್ನು ಬದಲಿಸುವ ಮೊದಲು ವೈರನ್ನು ಪರೀಕ್ಷಿಸಿ. 0.2 ಚದರ ಮಿಲಿಮೀಟರಿನ ತಾಮ್ರದ ತಂತಿ 30 ಮೀಟರ್ ಎಳೆದರೆ, ಹೋಗಿಬರುವ ದಾರಿಯ ಒಟ್ಟು ರೋಧ ಸುಮಾರು 5 ಓಮ್. ಹಗಲು 0.2 ಆಂಪಿಯರ್ ಹರಿದಾಗ ಕಳೆಯುವುದು 1 ವೋಲ್ಟ್. ದೀಪ ಹತ್ತಿ 0.5 ಆಂಪಿಯರ್ ಆದಾಗ ಎರಡೂವರೆ ವೋಲ್ಟ್ ಕಳೆದು, 12 ವೋಲ್ಟ್ ಕ್ಯಾಮೆರಾಗೆ ಒಂಬತ್ತೂವರೆಯಷ್ಟೇ ತಲುಪುತ್ತದೆ. ಅದು ಸಾಲದೆ ಕ್ಯಾಮೆರಾ ಆಫ್ ಆಗುತ್ತದೆ, ದೀಪ ಆರಿ ವೋಲ್ಟೇಜ್ ಏರುತ್ತದೆ, ಕ್ಯಾಮೆರಾ ಮತ್ತೆ ಆನ್ ಆಗುತ್ತದೆ, ದೀಪ ಹತ್ತಿದೊಡನೆ ಪುನಃ ಅದೇ ಕಥೆ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿಯಲ್ಲಿ ಇದು ಇನ್ನೂ ಹೆಚ್ಚು. ದಪ್ಪ ವೈರ್ ಹಾಕಿ, ಇಲ್ಲವೇ ಅಡಾಪ್ಟರನ್ನು ಕ್ಯಾಮೆರಾದ ಹತ್ತಿರಕ್ಕೆ ಒಯ್ಯಿರಿ.

ಕಾರ್ಖಾನೆಯಿಂದಲೇ ಹಾಕಿಕೊಂಡು ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಅಂಥ ಪಾಸ್‌ವರ್ಡ್‌ಗಳನ್ನೇ ಹುಡುಕಿ ಅಸಂಖ್ಯ ಕ್ಯಾಮೆರಾ, ರೆಕಾರ್ಡರ್‌ಗಳನ್ನು ಕಬಳಿಸಿತ್ತು.

ಬೇಕಾದ ದೃಶ್ಯ ಸಿಕ್ಕರೆ ತಡಮಾಡದೆ ಪೆನ್‌ಡ್ರೈವ್‌ಗೆ ತೆಗೆದುಕೊಳ್ಳಿ. ಘಟನೆಗೆ ಹತ್ತು ನಿಮಿಷ ಮೊದಲಿನಿಂದ ನಂತರದ ಹತ್ತು ನಿಮಿಷದವರೆಗೂ ಇರಲಿ. ರೆಕಾರ್ಡರ್ ತನ್ನದೇ ಮಾದರಿಯ ಫೈಲ್ ಕೊಟ್ಟರೆ ಅದರ ಪ್ಲೇಯರನ್ನೂ ಜೊತೆಗೇ ನಕಲು ಮಾಡಿ. ರೆಕಾರ್ಡರ್ ಗಡಿಯಾರ ಮುಂದೆ ಅಥವಾ ಹಿಂದೆ ಇದ್ದರೆ ತಕ್ಷಣ ತಿದ್ದಬೇಡಿ. ಮಾನಿಟರ್‌ನ ಸಮಯವೂ ಮೊಬೈಲಿನ ಸಮಯವೂ ಒಟ್ಟಿಗೆ ಕಾಣುವಂತೆ ಫೋಟೊ ತೆಗೆದು, ವ್ಯತ್ಯಾಸವನ್ನು ಬರೆದಿಟ್ಟ ನಂತರವೇ ಸರಿಪಡಿಸಿ.