ಬಿಟ್ಟು ಕಳುಹಿಸಿದ ಹಡಗು ಹಣ ಕೊಡದೆ ಹೋದರೆ?

ಪ್ರಶ್ನೆ: ಹದಿನೆಂಟನೇ ಶತಮಾನದ ಯುರೋಪಿನಲ್ಲಿ ಪ್ರೈವೇಟಿಯರ್‌ಗಳು ವ್ಯಾಪಾರಿ ಹಡಗನ್ನು ಹಿಡಿದು, ಬಿಡುಗಡೆ ಹಣಕ್ಕೆ ಒಪ್ಪಿಸಿ, ನಡುಗಡಲಲ್ಲೇ ಬಿಟ್ಟುಬಿಡುತ್ತಿದ್ದರಂತೆ. ಊರು ಸೇರಿದ ಮೇಲೆ ಮಾಲೀಕ ಕೊಡುವುದಿಲ್ಲ ಎಂದರೆ ಏನು ಮಾಡುತ್ತಿದ್ದರು?

ಉತ್ತರ: ಹಡಗು ಹೋಗುತ್ತಿತ್ತು, ಅದರವನೊಬ್ಬ ಹಿಂದೆ ಉಳಿಯುತ್ತಿದ್ದ. ಸಾಮಾನ್ಯವಾಗಿ ಕಪ್ತಾನನ ಕೆಳಗಿನ ಅಧಿಕಾರಿಯೇ ಒತ್ತೆಯಾಳು. ಜೊತೆಗೆ ರ‍್ಯಾನ್ಸಮ್ ಬಿಲ್ ಎಂಬ ಕರಾರುಪತ್ರ. ಇವೆರಡೂ ಸೇರಿದರೆ ತಪ್ಪಿಸಿಕೊಳ್ಳುವುದು ಸುಲಭವಿರಲಿಲ್ಲ.

ಪ್ರೈವೇಟಿಯರ್ ಕಡಲ್ಗಳ್ಳನಲ್ಲ. ಖಾಸಗಿ ಬಂಡವಾಳದಿಂದ ಹಡಗು ಸಜ್ಜುಗೊಳಿಸಿ, ಯುದ್ಧಕಾಲದಲ್ಲಿ ಶತ್ರುವಿನ ಸರಕು ಹಿಡಿಯಲು ಸರ್ಕಾರದ ಸನ್ನದು ಪಡೆದವನು. ಹಿಡಿದದ್ದನ್ನು ಬಂದರಿಗೆ ಒಯ್ದು ನ್ಯಾಯಾಲಯದ ತೀರ್ಪು ಪಡೆದರೆ ಮಾತ್ರ ಮಾರಬಹುದಿತ್ತು. ಇಲ್ಲೇ ತೊಡಕು. ಹಿಡಿದ ಪ್ರತಿ ಹಡಗಿಗೂ ತನ್ನ ನಾವಿಕರಲ್ಲಿ ಒಂದಷ್ಟು ಜನರನ್ನು ಹತ್ತಿಸಬೇಕು. ನಾಲ್ಕೈದು ಹಡಗು ಹಿಡಿಯುವಷ್ಟರಲ್ಲಿ ತನ್ನ ಹಡಗಿನಲ್ಲೇ ಫಿರಂಗಿ ನಡೆಸಲು ಆಳಿಲ್ಲ. ಕಳುಹಿಸಿದ ಹಡಗನ್ನು ದಾರಿಯಲ್ಲಿ ಶತ್ರು ನೌಕಾಪಡೆ ಮರಳಿ ಕಸಿದರೆ ಅದೂ ಹೋಯಿತು, ಆ ನಾವಿಕರೂ ಹೋದರು. ಸಣ್ಣಪುಟ್ಟ ಕರಾವಳಿ ಹಡಗಿಗೆ ಇಷ್ಟು ಪಾಡುಪಡುವುದಕ್ಕಿಂತ ಒಂದು ಮೊತ್ತಕ್ಕೆ ಒಪ್ಪಿ ಬಿಡುವುದೇ ಲಾಭ.

ಬಿಲ್ಲಿನ ಪ್ರತಿ ಎರಡು. ಒಂದು ಹಿಡಿದವನ ಬಳಿ, ಇನ್ನೊಂದು ಹಿಡಿಸಿಕೊಂಡ ಕಪ್ತಾನನ ಬಳಿ. ಹಡಗಿನ ಹೆಸರು, ಕಪ್ತಾನ, ಸರಕು, ಒಪ್ಪಿದ ಮೊತ್ತ, ಒತ್ತೆಯಾಳಿನ ಹೆಸರು, ಯಾವ ಬಂದರಿಗೆ, ಯಾವ ದಾರಿಯಲ್ಲಿ, ಎಷ್ಟು ದಿನದೊಳಗೆ ಮುಟ್ಟಬೇಕು, ಎಲ್ಲ ಅದರಲ್ಲಿರುತ್ತಿತ್ತು. ಕಪ್ತಾನನ ಪ್ರತಿಯೇ ಅವನ ರಹದಾರಿ. ಹಿಡಿದವನ ದೇಶದ ಬೇರೆ ಹಡಗು ಮತ್ತೆ ತಡೆದರೆ ಇದನ್ನು ತೋರಿಸಿ ಮುಂದೆ ಸಾಗಬಹುದು. ಮಾಲೀಕರು ಈ ಕಾಗದಕ್ಕೆ ಬೆಲೆ ಕೊಟ್ಟದ್ದಕ್ಕೆ ಮುಖ್ಯ ಕಾರಣ ಇದೇ ಎನ್ನಬೇಕು: ಅದು ಬರಿಯ ಸಾಲಪತ್ರವಲ್ಲ, ಊರು ಮುಟ್ಟಿಸುವ ರಕ್ಷಣೆಯೂ ಹೌದು.

ಎಡವುತ್ತಿದ್ದುದು ದಾರಿ ಮತ್ತು ದಿನದ ವಿಷಯದಲ್ಲಿ. ಬಿರುಗಾಳಿ ತಳ್ಳಿದರೆ ಅದು ಬೇರೆ ಮಾತು. ಸುಮ್ಮನೆ ದಾರಿ ಬಿಟ್ಟರೆ ರಕ್ಷಣೆ ಹೋಯಿತು. ಆಗ ಎರಡನೆಯವನು ಹಿಡಿದರೆ ಹಡಗು ಅವನದು, ಮಾರಿದ ಹಣದಿಂದ ಮೊದಲಿನವನ ಮೊತ್ತ ಕಳೆದು ಉಳಿದದ್ದು ಅವನಿಗೆ. ಇನ್ನೊಂದನ್ನು ಎಷ್ಟೋ ಜನ ತಪ್ಪು ತಿಳಿಯುತ್ತಾರೆ: ಬಿಲ್ ಕಾಪಾಡುತ್ತಿದ್ದುದು ಮತ್ತೆ ಸೆರೆಯಾಗುವುದರಿಂದ ಮಾತ್ರ, ಸಮುದ್ರದಿಂದಲ್ಲ. ಬಿಟ್ಟ ಮೇಲೆ ಹಡಗು ಬಿರುಗಾಳಿಗೆ ಮುಳುಗಿದರೂ, ಬೇರೆ ಷರತ್ತು ಬರೆದಿರದಿದ್ದರೆ, ಹಣ ಕೊಡಲೇಬೇಕು.

ತಿರುಗುಮುರುಗೂ ಆಗುತ್ತಿತ್ತು. ಬಿಲ್ ಇಟ್ಟುಕೊಂಡ ಪ್ರೈವೇಟಿಯರೇ ಸಿಕ್ಕಿಬಿದ್ದರೆ ಬಿಲ್ಲೂ ಗೆದ್ದವನ ವಶವಾಗಿ ಸಾಲ ರದ್ದು. ಅದಕ್ಕೇ ಅದನ್ನು ಬಚ್ಚಿಡುವ, ಬೇಗ ದಡಕ್ಕೆ ಕಳುಹಿಸುವ ಆತುರ.

ಇನ್ನು ಒತ್ತೆಯಾಳು. ಹಣ ಬರುವವರೆಗೆ ಅವನು ಶತ್ರುನಾಡಿನ ಬಂದರಿನಲ್ಲಿ ಬಂಧಿ. ಅವನ ಊಟದ ಖರ್ಚೂ ಮಾಲೀಕನ ಲೆಕ್ಕಕ್ಕೇ. ಮೊತ್ತ ಹಡಗು, ಸರಕುಗಳ ಬೆಲೆಯನ್ನು ಮೀರಿದರೆ ಮಾಲೀಕ ಎರಡನ್ನೂ ಬಿಟ್ಟುಕೊಟ್ಟು ಕೈತೊಳೆದುಕೊಳ್ಳಬಹುದಿತ್ತು. ಆಗ ನರಳುತ್ತಿದ್ದವನು ಈ ನಾವಿಕ, ಅವನದೇನೂ ತಪ್ಪಿರಲಿಲ್ಲ. ಇಂಗ್ಲೆಂಡಿನಲ್ಲಿ ಕಡಲ ವ್ಯಾಜ್ಯಗಳನ್ನು ನೋಡುವ ಅಡ್ಮಿರಾಲ್ಟಿ ನ್ಯಾಯಾಲಯದಲ್ಲಿ ಅವನ ಹೆಸರಿನಲ್ಲಿ ದಾವೆ ಹೂಡಿ ಹಡಗನ್ನೇ ಜಪ್ತಿ ಮಾಡಿಸಲು ದಾರಿಯಿತ್ತು. ಅವನು ಸತ್ತರೆ? ಸಾಲ ಸಾಯದು ಎಂದು ಲಂಡನ್ನಿನ ಕಿಂಗ್ಸ್ ಬೆಂಚ್ ನ್ಯಾಯಾಲಯ 1765ರಲ್ಲಿ ತೀರ್ಪು ಕೊಟ್ಟಿತು.

ಈ ಪದ್ಧತಿ ಸರ್ಕಾರದ ಉದ್ದೇಶವನ್ನೇ ಕೆಡಿಸಿದ ಉದಾಹರಣೆಯೂ ಇದೆ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಪ್ಯಾರಿಸ್‌ನಲ್ಲಿದ್ದ ಅಮೆರಿಕದ ರಾಯಭಾರಿ ಬೆಂಜಮಿನ್ ಫ್ರಾಂಕ್ಲಿನ್ 1779ರಲ್ಲಿ ಫ್ರಾನ್ಸಿನ ಬಂದರು ಡನ್‌ಕರ್ಕ್‌ನ 'ಬ್ಲ್ಯಾಕ್ ಪ್ರಿನ್ಸ್' ಹಡಗಿಗೆ ಸನ್ನದು ಕೊಟ್ಟರು. ಬೇಕಿದ್ದುದು ಬ್ರಿಟಿಷ್ ಕೈದಿಗಳು, ಬ್ರಿಟನ್ನಿನ ಸೆರೆಯಲ್ಲಿದ್ದ ಅಮೆರಿಕನ್ ನಾವಿಕರಿಗೆ ಬದಲಾಗಿ ಕೊಡಲು. ಆ ಹಡಗಿನ ಐರಿಷ್ ನಾಯಕ ಲ್ಯೂಕ್ ರಯಾನ್ ಹಡಗಿನ ಮೇಲೆ ಹಡಗು ಹಿಡಿದ, ಆದರೆ ಬಹಳಷ್ಟನ್ನು ಬಿಲ್ ಬರೆಸಿಕೊಂಡು ಬಿಟ್ಟ. ಇಡೀ ಸಿಬ್ಬಂದಿಯ ಬದಲು ಹಡಗಿಗೆ ಒಬ್ಬ ಒತ್ತೆಯಾಳು ಸಿಕ್ಕರೆ ಕೈದಿಗಳ ಲೆಕ್ಕ ತುಂಬುವುದು ಹೇಗೆ?

ಬ್ರಿಟನ್ನಿಗೂ ಇದು ಸಾಕಾಗಿತ್ತು. ಬಿಡುಗಡೆಯಾದ ಹಡಗನ್ನು ತನ್ನ ನೌಕಾಪಡೆ ಮರಳಿ ಗೆಲ್ಲುವಂತಿಲ್ಲ, ಶತ್ರುವಿನ ನಾವಿಕಬಲವೂ ಕುಂದುವುದಿಲ್ಲ. 1782ರಲ್ಲಿ ಪಾರ್ಲಿಮೆಂಟ್ ಬ್ರಿಟಿಷ್ ಹಡಗುಗಳು ಇಂಥ ಕರಾರು ಮಾಡುವುದನ್ನೇ ನಿಷೇಧಿಸಿತು. ಶತ್ರುದೇಶದವನು ಇಂಗ್ಲಿಷ್ ನ್ಯಾಯಾಲಯದಲ್ಲಿ ಬಿಲ್ಲಿನ ಮೇಲೆ ದಾವೆ ಹೂಡಲಾರ ಎಂಬ ತೀರ್ಪೂ ಅದೇ ಆಸುಪಾಸಿನಲ್ಲಿ ಬಂತು. ಅಲ್ಲಿಂದ ಮುಂದೆ ಸಿಕ್ಕ ಬ್ರಿಟಿಷ್ ಕಪ್ತಾನನ ಸಹಿಗೆ ಅವನ ನಾಡಿನಲ್ಲಿ ಬೆಲೆಯಿರಲಿಲ್ಲ.