ಧನುರ್ಮಾಸದ ತುಪ್ಪ, ಬೋರ್‌ವೆಲ್ಲಿನ ಸುಣ್ಣ

ಚಿಕ್ಕಬಳ್ಳಾಪುರದ ನಮ್ಮ ಮನೆಯ ಅಡುಗೆಮನೆ ಸಿಂಕು ವರ್ಷಕ್ಕೊಮ್ಮೆ ಕಟ್ಟಿಕೊಳ್ಳುತ್ತದೆ. ಅದೂ ತಪ್ಪದೆ ಧನುರ್ಮಾಸದಲ್ಲಿ. ಈ ಸಲವೂ ಅದೇ ಆಯಿತು. ಪೊಂಗಲ್ ತಪ್ಪಲೆ ತೊಳೆದ ನೀರು ಇಳಿಯದೆ ನಿಂತು, ಅದರ ಮೇಲೆ ಹಿತಕಿದ ಅವರೆಯ ಸಿಪ್ಪೆಗಳು ದೋಣಿ ಬಿಟ್ಟಂತೆ ತೇಲುತ್ತಿದ್ದವು. ಆ ಹೊತ್ತಿಗೇ ಮನೆಗೆ ಬಂದಿದ್ದ ಬಂಧುಗಳೊಬ್ಬರು ಬಾಗಿ ನೋಡಿ ತೀರ್ಪು ಕೊಟ್ಟೇಬಿಟ್ಟರು: "ಆಗ್ನೇಯದಲ್ಲಿ ನೀರು ಇಟ್ಟಿದ್ದೀರಿ, ಅಗ್ನಿಗೂ ನೀರಿಗೂ ಆಗಿಬರಲ್ಲ. ಈಶಾನ್ಯಕ್ಕೆ ತಿರುಗಿಸಿ, ಆಮೇಲೆ ಕಟ್ಟಿಕೊಂಡರೆ ನನ್ನನ್ನು ಕೇಳಿ."

ತಿರುಗಿಸಬೇಕೆಂದರೆ ಗ್ರಾನೈಟ್ ಒಡೆಯಬೇಕು, ಗೋಡೆ ಕೊರೆಯಬೇಕು. ಆ ದುಡ್ಡಿಗೆ ಹತ್ತು ಧನುರ್ಮಾಸದ ತುಪ್ಪ ಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ಇದೇ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷೆಗೊಡ್ಡಲು ಒಂದು ಸಮಿತಿಯನ್ನೇ ಕಟ್ಟಿದ್ದರು. ಅವರ ಸೀಮೆಯಲ್ಲೇ ಇದ್ದುಕೊಂಡು, ಒಂದು ಸಿಂಕನ್ನೂ ಪರೀಕ್ಷಿಸದೆ ದೋಷ ಒಪ್ಪಿಕೊಳ್ಳಲು ನನಗೆ ನಾಚಿಕೆಯಾಯಿತು. ಕೆಳಗೊಂದು ಬಕೆಟ್ ಇಟ್ಟು, ಸಿಂಕಿನಡಿಯ ಬಾಟಲ್ ಟ್ರ್ಯಾಪನ್ನು, ಅಂದರೆ ಸದಾ ಒಂದಿಷ್ಟು ನೀರು ಹಿಡಿದಿಡುವ ಬಟ್ಟಲನ್ನು, ತಿರುಗಿಸಿ ಬಿಚ್ಚಿದೆ.

ನಾತ ಬೇಡ ಬಿಡಿ. ಒಳಗೆ ಸಿಕ್ಕಿದ್ದು ಎರಡು ಬಗೆಯ ಸರಕು. ಮೇಲುಗಡೆ ಹಳದಿ ಬಣ್ಣದ ಮೆತ್ತನೆಯ ಜಿಡ್ಡು. ಬೆರಳಲ್ಲಿ ಒತ್ತಿದರೆ ಬೆಣ್ಣೆಯಂತೆ ಜಾರುವಂಥದ್ದು. ಕೊಳವೆಯ ಗೋಡೆಗೆ ಅಂಟಿಕೊಂಡಿದ್ದು ಬೇರೆಯೇ: ಬೂದು ಬಿಳಿ, ಒದ್ದೆ ಸೀಮೆಸುಣ್ಣದ ಹಾಗೆ ಪುಡಿಪುಡಿ, ನಡುನಡುವೆ ಸಾಸಿವೆ ಕಾಳು, ಒಂದು ಕರಿಬೇವಿನ ಕಡ್ಡಿ. ಎರಡರಿಂದಲೂ ಒಂದೊಂದು ಚೂರು ತೆಗೆದು ಎರಡು ಸ್ಟೀಲ್ ಲೋಟಕ್ಕೆ ಹಾಕಿ ಕುದಿನೀರು ಹೊಯ್ದೆ. ಹಳದಿಯದು ಅರೆಕ್ಷಣದಲ್ಲಿ ಕರಗಿ, ಸಾರಿನ ಮೇಲಿನ ಒಗ್ಗರಣೆಯಂತೆ ಹೊಳೆಯುತ್ತ ತೇಲಿತು. ಬೂದುಬಣ್ಣದ್ದು ಜಪ್ಪಯ್ಯ ಅನ್ನಲಿಲ್ಲ.

ಸಿಂಕಿನ ರಹಸ್ಯವೆಲ್ಲ ಈ ಎರಡು ಲೋಟಗಳಲ್ಲಿದೆ. ಹಳದಿಯ ಕಥೆ ಸುಲಭ. ತುಪ್ಪ ಸುಮಾರು 30 ಡಿಗ್ರಿಯ ಆಸುಪಾಸಿನಲ್ಲಿ, ಕೊಬ್ಬರಿ ಎಣ್ಣೆ 24ರ ಹತ್ತಿರ ಗಟ್ಟಿಯಾಗುತ್ತವೆ. ವನಸ್ಪತಿಗೆ ಅಷ್ಟು ಚಳಿಯೂ ಬೇಡ. ಕಡಲೆಕಾಯಿ ಎಣ್ಣೆ ಮಾತ್ರ ನಮ್ಮ ಚಳಿಗೆ ಜಗ್ಗುವುದಿಲ್ಲ. ನಂದಿಬೆಟ್ಟದ ಕಡೆಯ ಕುಳಿರ್ಗಾಳಿಗೆ ನಮ್ಮ ಬೆಳಗು 13–14 ಡಿಗ್ರಿಗೆ ಇಳಿಯುವ ತಿಂಗಳಲ್ಲೇ ನಾವು ಪೊಂಗಲ್ಲಿಗೆ ತುಪ್ಪ ಸುರಿಯುವುದು. ಬಚ್ಚಲುಮನೆಯ ಕೊಬ್ಬರಿ ಎಣ್ಣೆ ಬಾಟಲಿ ಕಲ್ಲಾದ ದಿನ ಸಿಂಕೂ ಕಟ್ಟಲು ಶುರುವಾಯಿತೆಂದೇ ತಿಳಿಯಿರಿ.

ನನಗೆ ನಿಜವಾಗಿ ಖುಷಿ ಕೊಟ್ಟದ್ದು ಬೂದುಬಣ್ಣದ ಚೂರು. ಅದನ್ನು ಯಾರೂ ಸಿಂಕಿಗೆ ಹಾಕಿದ್ದಲ್ಲ. ಅದು ಕೊಳವೆಯೊಳಗೇ ತಯಾರಾದದ್ದು. ಅದೊಂದು ಸೋಪು!

ಎಣ್ಣೆಯನ್ನು ಕರಿಯಲು ಕಾಯಿಸಿದಾಗ, ಮತ್ತೆ ಟ್ರ್ಯಾಪಿನಲ್ಲಿ ಕೂತ ಬ್ಯಾಕ್ಟೀರಿಯಾಗಳು ಅದನ್ನು ಮೇಯುವಾಗ, ಕೊಬ್ಬಿನ ಕಣ ಒಡೆದು ಕೊಬ್ಬಿನಾಮ್ಲಗಳು ಬಿಡುಗಡೆಯಾಗುತ್ತವೆ. ಕೊಬ್ಬಿನಾಮ್ಲವೆಂದರೆ ಒಂದು ಗೊದಮೊಟ್ಟೆ ಎಂದುಕೊಳ್ಳಿ. ತಲೆಗೆ ನೀರು ಇಷ್ಟ, ಬಾಲಕ್ಕೆ ಎಣ್ಣೆ ಇಷ್ಟ. ಈ ತಲೆಯನ್ನು ಸೋಡಿಯಂ ಹಿಡಿದರೆ ಅದು ನಾವು ಮೈಗೆ ಹಚ್ಚುವ ಸೋಪು. ಸೋಡಿಯಮ್ಮಿಗೆ ಇರುವುದು ಒಂದೇ ಕೈ, ಹಿಡಿತವೂ ಸಡಿಲ. ನೀರು ಕಂಡ ಕೂಡಲೇ ಬಿಟ್ಟುಬಿಡುತ್ತದೆ, ಗೊದಮೊಟ್ಟೆ ಈಜುತ್ತದೆ. ನಮ್ಮ ಸಾವಿರ ಅಡಿ ಬೋರ್‌ವೆಲ್ ನೀರಿನಲ್ಲಿ ಇರುವುದು ಕ್ಯಾಲ್ಸಿಯಂ. ಅದಕ್ಕೆ ಎರಡು ಕೈ. ಎರಡು ಗೊದಮೊಟ್ಟೆಗಳ ತಲೆಯನ್ನು ಒಟ್ಟಿಗೆ ಹಿಡಿದರೆ, ನೊಗಕ್ಕೆ ಕಟ್ಟಿದ ಜೋಡೆತ್ತಿನಂತೆ ಎರಡೂ ಬಂದಿ. ನೀರಿನ ಕಡೆಗೆ ಚಾಚಲು ತಲೆಯೇ ಉಳಿದಿಲ್ಲ, ಹೊರಗೆ ಕಾಣುವುದು ಬರೀ ಎಣ್ಣೆಬಾಲ. ಇಂಥ ಜೋಡಿಗಳು ಒಂದರ ಮೇಲೊಂದು ಹುಲ್ಲಿನ ಮೆದೆ ಒಟ್ಟಿದ ಹಾಗೆ ಕೂಡಿಕೊಳ್ಳುತ್ತವೆ. ಮಳೆ ಬಂದರೂ ಮೆದೆಯೊಳಗೆ ನೀರು ಇಳಿಯದಲ್ಲ, ಹಾಗೆ. ಬಚ್ಚಲಿನ ಬಕೆಟ್ಟಿಗೆ ಅಂಟುವ ಬಿಳಿ ಪೊರೆಯೂ ಇದೇ ಜಾತಿ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ನೊರೆಯೇ ಬಾರದ ನೀರಲ್ಲಿ ಸೋಪು ತಿಕ್ಕಿ ಸುಸ್ತಾದ ಕೋಲಾರ, ಚಿಕ್ಕಬಳ್ಳಾಪುರದವರಿಗೆ ಗಡಸುನೀರು ಏನೆಂದು ಹೇಳಿಕೊಡಬೇಕಿಲ್ಲ.

ಕೊಬ್ಬಿನೊಳಗೆ ಆಮ್ಲ ಅಡಗಿದೆಯೆಂದು ತೋರಿಸಿದವನು ಫ್ರಾನ್ಸಿನ ರಸಾಯನವಿಜ್ಞಾನಿ ಶೆವ್ರಲ್. 1823ರಲ್ಲಿ ಅವನ ಗ್ರಂಥ ಬಂತು. ಸೋಪನ್ನು ಬಿಡಿಸಿ ನೋಡಿದ ಈ ಮನುಷ್ಯ 102 ವರ್ಷ ಬದುಕಿದ. ಐಫೆಲ್ ಗೋಪುರದ ಮೇಲೆ ಕೆತ್ತಿದ 72 ಹೆಸರುಗಳಲ್ಲಿ ಅವನದೂ ಒಂದು, ಅದನ್ನು ಕೆತ್ತಿದಾಗ ಅವನಿನ್ನೂ ಬದುಕಿದ್ದ. ಮಾತು ಎಲ್ಲಿಗೋ ಹೋಯಿತು. 2011ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದವರು ಹೋಟೆಲ್ ಜಿಡ್ಡಿಗೆ ಕ್ಯಾಲ್ಸಿಯಂ ಬೆರೆಸಿ, ಚರಂಡಿ ಕಟ್ಟುವ ಗಡ್ಡೆಯನ್ನು ಪ್ರಯೋಗಶಾಲೆಯಲ್ಲೇ ಹುಟ್ಟಿಸಿ ತೋರಿಸಿದರು. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಬೀದಿಯಡಿ ಸಿಕ್ಕಿದ ಅಂಥ ಗಡ್ಡೆ 250 ಮೀಟರ್ ಉದ್ದ, 130 ಟನ್ ತೂಕ. ಅದರ ಚೂರೊಂದನ್ನು ಮ್ಯೂಸಿಯಮ್ಮಿನಲ್ಲಿಟ್ಟು ಜನಕ್ಕೆ ತೋರಿಸಿದರು. ನನ್ನ ಲೋಟದಲ್ಲಿದ್ದದ್ದು ಅದರ ಮರಿ.

ಹಾಗಾದರೆ ಎಲ್ಲರೂ ಹೇಳುವ "ಒಂದು ಚೊಂಬು ಕುದಿನೀರು ಹುಯ್ಯಿ" ಏನಾಯಿತು? ಹಳದಿ ಜಿಡ್ಡು ಕರಗುತ್ತದೆ, ನಿಜ. ಕರಗಿ ನಾಲ್ಕು ಅಡಿ ಮುಂದೆ ಹೋಗಿ, ಹೊರಗೋಡೆಯ ತಣ್ಣನೆ ಕೊಳವೆಯಲ್ಲಿ, ಕೈಗೆ ನಿಲುಕದ ಕಡೆ ಮತ್ತೆ ಹೆಪ್ಪುಗಟ್ಟುತ್ತದೆ. ಬೂದು ಸೋಪೋ, ಕುದಿನೀರಿನ ಶಾಖಕ್ಕೆ ಕರಗುವ ವಸ್ತುವೇ ಅಲ್ಲ. ಅದಕ್ಕಿಂತ ಮೊದಲು ಮೆತ್ತಗಾಗುವುದು ಪಿವಿಸಿ ಕೊಳವೆ. ಅಡುಗೆ ಸೋಡಾ ಮತ್ತು ವಿನೆಗರ್ ಬೆರೆಸಿ ಎನ್ನುವ ವಾಟ್ಸ್ಆ್ಯಪ್ ಪಂಡಿತರ ಮಾತಂತೂ ಕೇಳಲೇಬೇಡಿ. ಕ್ಷಾರ, ಆಮ್ಲ ಎರಡೂ ಒಂದನ್ನೊಂದು ತಿಂದು ಬುರುಬುರು ಸದ್ದು ಮಾಡಿ ಉಪ್ಪುನೀರಾಗಿ ಕೂರುತ್ತವೆ. ಅಂಗಡಿಯ ಕಾಸ್ಟಿಕ್ ಪುಡಿ ಜಿಡ್ಡನ್ನು ಸೋಡಿಯಂ ಸೋಪು ಮಾಡುತ್ತದೆ, ಸಂತೋಷ. ಹಿಂದೆಯೇ ನಾವು ಬೋರ್‌ವೆಲ್ ನೀರು ಬಿಟ್ಟು ಅದನ್ನು ಕ್ಯಾಲ್ಸಿಯಂ ಸೋಪು ಮಾಡುತ್ತೇವೆ! ಅದರ ಮೇಲೆ ಬಾತ್‌ರೂಮ್ ಆಸಿಡ್ ಸುರಿದರೆ ಕುದಿದು ಮುಖಕ್ಕೇ ಸಿಡಿಯುತ್ತದೆ. ಆಸಿಡ್ಡನ್ನು ಬ್ಲೀಚಿಂಗ್ ಪೌಡರ್ ಜೊತೆ ಬೆರೆಸಿದರೆ ಹೊರಡುವುದು ಕ್ಲೋರಿನ್ ಅನಿಲ, ಆಮೇಲೆ ಸಿಂಕಿನ ಚಿಂತೆ ಇರುವುದಿಲ್ಲ. ಬಿಚ್ಚಿ, ಕೆರೆದು, ಸ್ಪ್ರಿಂಗ್ ತಂತಿ ಹಾಕುವುದೇ ದಾರಿ. ಹದಿನೈದು ನಿಮಿಷದ ಕೆಲಸ.

ಅದೇ ವಾರ ತಂಗಿಯ ಮಗ ಅಮೆರಿಕದ ಮಿನಿಯಾಪೊಲಿಸ್‌ನಿಂದ ಫೋನ್ ಮಾಡಿದ್ದ. ಅವನ ಸಿಂಕೂ ಕಟ್ಟಿತ್ತು. ಹೊರಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ. ಅಲ್ಲಿಯ ಸಮಸ್ಯೆಯಲ್ಲಿ ನಿಜಕ್ಕೂ ಗೋಡೆಯ ಪಾತ್ರವಿದೆ, ನಮ್ಮ ಬಂಧುಗಳು ಕೇಳಿದ್ದರೆ ಹಿಗ್ಗುತ್ತಿದ್ದರು. ಸಿಂಕು ಕಿಟಕಿಯಡಿ ಹೊರಗೋಡೆಗೆ ತಾಗಿದೆ, ಕೆಳಗೆ ಮುಚ್ಚಿದ ಕಪಾಟು. ಮನೆಯ ಬಿಸಿಗಾಳಿ ಕೊಳವೆಗೆ ತಲುಪುವುದೇ ಇಲ್ಲ. ಖಾಲಿ ಕೊಳವೆಯಲ್ಲಿ ಹೆಪ್ಪುಗಟ್ಟಲು ಏನೂ ಇರುವುದಿಲ್ಲ. ಜಿಡ್ಡು ಅರ್ಧ ಕಟ್ಟಿದಾಗ ಹಿಂದೆ ನೀರು ನಿಲ್ಲುತ್ತದೆ, ನಿಂತದ್ದು ಮಂಜುಗಡ್ಡೆಯಾಗಿ ನೂರಕ್ಕೆ ಒಂಬತ್ತು ಪಾಲು ಹಿಗ್ಗುತ್ತದೆ. ಇವನು ಮೇಲಿನಿಂದ ಕುದಿನೀರು ಸುರಿದು ಕಾದಿದ್ದಾನೆ. ಬಿಸಿನೀರು ಹಗುರ, ಮೇಲೇ ನಿಲ್ಲುತ್ತದೆ. ಕೆಳಗಿನ ಗಡ್ಡೆಗೆ ಶಾಖ ಇಳಿಯುವಷ್ಟರಲ್ಲಿ ಆರಿಹೋಗಿರುತ್ತದೆ. "ಸ್ನಾನದ ಮನೆಯ ನೀರು ಹೋಗುತ್ತಿದೆಯೇ?" ಎಂದೆ. ಹೋಗುತ್ತಿತ್ತು. ಅಂದರೆ ಇಡೀ ಮನೆಯ ಮುಖ್ಯ ಕೊಳವೆ ಸರಿಯಿದೆ, ಕೊಳವೆಗಳಿಗೆ ಗಾಳಿಯಾಡಲು ಚಾವಣಿಯಲ್ಲಿ ಬಿಟ್ಟ ಕೊಳವೆಯ ಬಾಯಿಗೆ ಹಿಮ ಕಟ್ಟಿದರೆ ಬರುವ ಗುಳುಗುಳು ಸದ್ದೂ ಇಲ್ಲ. ತೊಂದರೆ ಆ ಕಪಾಟಿನೊಳಗೇ. ಮೊದಲು ಸಿಂಕಿನ ನೀರು ಮೊಗೆದು ತೆಗಿ, ಕೊಳವೆ ಸೋರಿ ಒದ್ದೆಯಾಗಿಲ್ಲವೆಂದು ನೋಡು, ಆಮೇಲೆ ಕಪಾಟಿನ ಬಾಗಿಲು ತೆರೆದಿಟ್ಟು ಕೂದಲು ಒಣಗಿಸುವ ಡ್ರೈಯರ್ ಹಿಡಿ ಎಂದೆ. ಒಂದು ಗಂಟೆಯಲ್ಲಿ ಇಳಿಯಿತಂತೆ.

ನಮ್ಮಜ್ಜಿಯ ಮನೆಯಲ್ಲಿ ಕಟ್ಟಿಕೊಳ್ಳಲು ಸಿಂಕೇ ಇರಲಿಲ್ಲ. ಅಕ್ಕಿ ತೊಳೆದ ನೀರು, ಗಂಜಿ, ಮುದ್ದೆ ತಪ್ಪಲೆಯ ಸೀಕು ಎಲ್ಲ ಕಲಗಚ್ಚಿನ ಬಾನಿಗೆ, ಅಲ್ಲಿಂದ ಎಮ್ಮೆಯ ಹೊಟ್ಟೆಗೆ. ಜಿಡ್ಡಿನ ಪಾತ್ರೆಗೆ ಮೊದಲು ಒಲೆಯ ಬೂದಿ; ಅದು ಜಿಡ್ಡನ್ನು ಹೀರಿಕೊಂಡು ತಿಪ್ಪೆ ಸೇರುತ್ತಿತ್ತು. ತಲೆಗೆ ಅಂಟುವಾಳ, ಸೀಗೆ. ಅವುಗಳ ನೊರೆ ಕ್ಯಾಲ್ಸಿಯಮ್ಮಿನ ಕೈಗೆ ಸಿಗುವ ಜಾತಿಯದಲ್ಲ, ಗಡಸುನೀರಿನಲ್ಲೂ ಬರುತ್ತದೆ. ಅಜ್ಜಿಗೆ ಇದರ ರಸಾಯನಶಾಸ್ತ್ರ ಗೊತ್ತಿತ್ತು ಎಂದು ನಾನು ಹೇಳಲಾರೆ, ಹಾಗೆ ಹೇಳುವವರು ಈಗ ಬೇಕಾದಷ್ಟಿದ್ದಾರೆ. ಎಮ್ಮೆ ಇತ್ತು, ಅಷ್ಟೆ. ಈಗ ಎಮ್ಮೆಯ ಜಾಗದಲ್ಲಿ ಒಂದೂಕಾಲು ಇಂಚಿನ ಕೊಳವೆ ಇದೆ.

ಮರುದಿನ ಬೆಳಿಗ್ಗೆ ಲೋಟ ನೋಡಿದೆ. ಹಳದಿಯದು ನೀರಿನ ಮೇಲೆ ದುಂಡನೆ ಬಿಲ್ಲೆಯಾಗಿ ಕೂತಿತ್ತು, ಬೂದುಬಣ್ಣದ್ದು ನಿನ್ನೆ ಹೇಗಿತ್ತೋ ಹಾಗೇ. ಅಭ್ಯಾಸಬಲದಿಂದ ಎರಡನ್ನೂ ಸಿಂಕಿಗೆ ಸುರಿಯಲು ಹೊರಟೆ. ಹೆಂಡತಿ ಮಾತಾಡಲಿಲ್ಲ, ಹಳೆಯ ಪೇಪರಿನ ಹಾಳೆಯೊಂದನ್ನು ಕೈಗೆ ಕೊಟ್ಟಳು.