ಧಕಾರದ ಹೊಟ್ಟೆಸೀಳು ಮತ್ತು ಹತ್ತು ಅಂಗುಲದ ಪರದೆ

ದೊಡ್ಡ ಪರದೆಯ ಇ-ರೀಡರ್, ಅಂದರೆ ಇ-ಪುಸ್ತಕ ಓದುವ ಸಾಧನ, ಕೊಳ್ಳಲು ಹೊರಟವರು ಹೆಚ್ಚಾಗಿ ವಿಚಾರಿಸುವುದು ನೀಲಿ ಬೆಳಕಿನ ಬಗ್ಗೆ. ನೀಲಿ ಬೆಳಕು ಕಣ್ಣನ್ನು ಕೆಡಿಸುತ್ತದೆ, ಇ-ರೀಡರಿನ ಇ-ಇಂಕ್ ಪರದೆಯಲ್ಲಿ ಅದು ಇಲ್ಲ, ಆದ್ದರಿಂದಲೇ ಓದು ಹಿತವಾಗಿರುತ್ತದೆ ಎಂಬ ನಂಬಿಕೆ ಆಳವಾಗಿ ಬೇರೂರಿದೆ. ಆದರೆ ಹಗಲಿನ ಆಕಾಶದಿಂದ ಕಣ್ಣಿಗೆ ಬೀಳುವ ನೀಲಿಯ ಮುಂದೆ ಯಾವ ಪರದೆಯ ನೀಲಿಯೂ ಅತ್ಯಲ್ಪ. ಇ-ರೀಡರಿನ ಅಂಚಿನಲ್ಲಿ ಕೂರಿಸಿರುವ ಎಲ್‌ಇಡಿ ದೀಪಗಳ ಬೆಳಕಿನಲ್ಲಿಯೂ ನೀಲಿ ಇದ್ದೇ ಇದೆ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ಅಳೆಯುವ ಕಾಕ್ರೇನ್ ಸಂಸ್ಥೆಯ 2023ರ ವಿಮರ್ಶೆಯು 17 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿ, ನೀಲಿ ಬೆಳಕು ತಡೆಯುವ ಕನ್ನಡಕಗಳಿಂದ ಕಂಪ್ಯೂಟರ್ ಬಳಸುವವರ ಕಣ್ಣಿನ ಆಯಾಸವು ಅಲ್ಪಾವಧಿಯಲ್ಲಿ ತಗ್ಗುವ ಸಂಭವ ಕಾಣದೆಂದು ಹೇಳಿತು. ಇಷ್ಟಾದರೂ ಅಂಥ ಕನ್ನಡಕಗಳ ಮಾರಾಟ ನಡೆದೇ ಇದೆಯೆಂಬುದು ನನಗೆ ಕಳವಳದ ಸಂಗತಿ.

ಕನ್ನಡ ಓದುಗರಿಗೆ ಹಿತವನ್ನು ನಿರ್ಧರಿಸುವ ಸಂಗತಿ ಬೇರೆಯೇ ಇದೆ. ನಮ್ಮ ಪುಸ್ತಕಗಳ ಒಳಪುಟದಲ್ಲಿ ‘ಡೆಮಿ 1/8’ ಎಂದು ಅಚ್ಚಾಗಿರುವುದನ್ನು ನೀವು ನೋಡಿರುತ್ತೀರಿ. ಆ ಪುಟದ ಅಳತೆ ಸುಮಾರು 140 ಮಿ.ಮೀ. ಅಗಲ, 216 ಮಿ.ಮೀ. ಎತ್ತರ. ಮೂಲೆಯಿಂದ ಮೂಲೆಗೆ ಆರು ಅಂಗುಲವಿರುವ ಇ-ರೀಡರಿನ ಪರದೆ 91 ಮಿ.ಮೀ. ಅಗಲ, 122 ಮಿ.ಮೀ. ಎತ್ತರ ಇರುವುದರಿಂದ ಇಡೀ ಪುಟವನ್ನು ಅದರಲ್ಲಿ ತೋರಿಸಬೇಕಾದರೆ ಶೇ. 56ಕ್ಕೆ ಕುಗ್ಗಿಸಬೇಕು. 10.3 ಅಂಗುಲದ ಪರದೆಯಾದರೋ 157 ಮಿ.ಮೀ. ಅಗಲ, 209 ಮಿ.ಮೀ. ಎತ್ತರವಿದ್ದು, ಡೆಮಿ ಪುಟವು ಅದರಲ್ಲಿ ಶೇ. 97ರಷ್ಟು ಗಾತ್ರದಲ್ಲಿ, ಹೆಚ್ಚುಕಡಿಮೆ ಅಚ್ಚಾದ ಹಾಗೆಯೇ ಕೂರುತ್ತದೆ.

ಯೂನಿಕೋಡಿನಲ್ಲಿ, ಅಂದರೆ ಎಲ್ಲ ಸಾಧನಗಳೂ ಒಂದೇ ರೀತಿ ಗುರುತಿಸುವ ಅಕ್ಷರ ಸಂಕೇತಗಳಲ್ಲಿ, ಸಿದ್ಧಪಡಿಸಿದ ಇ-ಪುಸ್ತಕವಾದರೆ ಅಕ್ಷರವನ್ನು ಬೇಕಾದಷ್ಟು ಹಿಗ್ಗಿಸಿಕೊಳ್ಳಬಹುದು, ಸಣ್ಣ ಪರದೆಯೇ ಸಾಕು. ಆದರೆ ಕನ್ನಡದ ಹಳೆಯ ಪುಸ್ತಕಗಳು ಅಂತರ್ಜಾಲದಲ್ಲಿ ಬಹುಪಾಲು ಸಿಗುವುದು ಸ್ಕ್ಯಾನ್ ಮಾಡಿದ ಪುಟಗಳ ಚಿತ್ರಗಳಾಗಿ. ಯೂನಿಕೋಡ್ ಬಳಕೆಗೆ ಮುಂಚಿನ ಫಾಂಟುಗಳಲ್ಲಿ ಪುಟ ಕಟ್ಟಿದ ಪಿಡಿಎಫ್‌ಗಳ ಅಕ್ಷರಗಳನ್ನು ಹೊರತೆಗೆದರೆ ಕಲಸುಮೇಲೋಗರವಾಗುತ್ತದೆ. ಇವೆರಡನ್ನೂ ಪುಟವಾಗಿಯೇ ಓದಬೇಕು.

ಸಣ್ಣ ಪರದೆಯಲ್ಲಿ ಪುಟ ಶೇ. 56ಕ್ಕೆ ಕುಗ್ಗಿದಾಗ ಮೊದಲು ಕಣ್ಮರೆಯಾಗುವುದು ಹೊಟ್ಟೆಸೀಳು. ದಕಾರಕ್ಕೂ ಧಕಾರಕ್ಕೂ, ಪಕಾರಕ್ಕೂ ಫಕಾರಕ್ಕೂ ಇರುವ ವ್ಯತ್ಯಾಸವೆಲ್ಲ ತಳದ ಆ ಒಂದು ಪುಟ್ಟ ಗೆರೆಯಲ್ಲಿದೆ. ಮುದ್ರಿತ ಪುಟದಲ್ಲಿ ಅದರ ಉದ್ದ ಅರ್ಧ ಮಿ.ಮೀ. ಎಂದಿಟ್ಟುಕೊಳ್ಳೋಣ. 2004ರಲ್ಲಿ ಜಪಾನಿನಲ್ಲಿ ಬಂದ ಸೋನಿ ಲಿಬ್ರಿಯೆ ಎಂಬ ಇ-ರೀಡರಿನಂಥ ಆರು ಅಂಗುಲದ, 600×800 ಚುಕ್ಕಿಗಳ (ಪಿಕ್ಸೆಲ್) ಪರದೆಯಲ್ಲಿ ಅದಕ್ಕೆ ಎರಡು ಚುಕ್ಕಿಯೂ ಪೂರ್ತಿ ದಕ್ಕುವುದಿಲ್ಲ. ಅಂಗುಲಕ್ಕೆ 300 ಚುಕ್ಕಿಗಳಿರುವ, ಅದೇ ಗಾತ್ರದ ಈಗಿನ ಪರದೆಯಲ್ಲಿ ಮೂರು ಚುಕ್ಕಿ ಸಿಕ್ಕರೂ ಗೆರೆಯ ಉದ್ದ 0.28 ಮಿ.ಮೀ.ಯನ್ನು ದಾಟದು. ಆರೋಗ್ಯವಂತ ಕಣ್ಣು ಗುರುತಿಸಬಲ್ಲ ವಿವರದ ಮಿತಿ ಒಂದು ಡಿಗ್ರಿಯ 60ನೇ ಒಂದು ಪಾಲಿನಷ್ಟು ಕೋನ, ಅಂದರೆ 40 ಸೆಂ.ಮೀ. ದೂರದಲ್ಲಿ ಸುಮಾರು 0.12 ಮಿ.ಮೀ. ಹಾಗಾದರೆ 0.28 ಸಾಲದೇ ಎಂದು ಕೇಳಬಹುದು. ಐವತ್ತು ಕಿಲೋ ಮೂಟೆಯನ್ನು ಒಮ್ಮೆ ಎತ್ತಬಲ್ಲವನು ಅದನ್ನು ಹೊತ್ತು ಪಕ್ಕದ ಊರಿನ ಸಂತೆ ತಲುಪಬಲ್ಲನೆಂದು ಹೇಳಲಾಗದು; ಕಣ್ಣಿನ ಮಾತೂ ಹಾಗೆಯೇ. ಮಿತಿಯ ಆಸುಪಾಸಿನಲ್ಲಿ ಒಂದು ಪದವನ್ನು ಓದಬಹುದು, ಮುನ್ನೂರು ಪುಟ ಓದುವುದು ಕಷ್ಟ. ಸಾಲಿನ ಕೆಳಗೆ ಪುಟ್ಟದಾಗಿ ಕೂರುವ ಒತ್ತಕ್ಷರಗಳದ್ದೂ ಇದೇ ಪಾಡು. ಚುಕ್ಕಿಗಳ ಸಾಂದ್ರತೆ ಅಕ್ಷರವನ್ನು ಚೂಪಾಗಿಸುತ್ತದೆಯೇ ಹೊರತು ದೊಡ್ಡದಾಗಿಸುವುದಿಲ್ಲ.

ಇನ್ನು ಇ-ಇಂಕ್‌ನ ಸೊಗಸು. 1997ರಲ್ಲಿ ಅಮೆರಿಕದ ಎಂಐಟಿಯ ಮೀಡಿಯಾ ಲ್ಯಾಬಿನ ಸಂಶೋಧಕರು ಇದಕ್ಕಾಗಿಯೇ ಸಂಸ್ಥೆಯೊಂದನ್ನು ಕಟ್ಟಿದರು. ಕೂದಲೆಳೆಯ ದಪ್ಪದ ಪಾರದರ್ಶಕ ಕೋಶಗಳು, ಒಳಗೆ ದ್ರವ, ಅದರಲ್ಲಿ ವಿರುದ್ಧ ವಿದ್ಯುದಾವೇಶ ಹೊತ್ತ ಬಿಳಿ ಮತ್ತು ಕಪ್ಪು ಕಣಗಳು. ಬಿತ್ತನೆ ಭತ್ತವನ್ನು ನೀರಿಗೆ ಹಾಕಿದಾಗ ಜೊಳ್ಳು ತೇಲಿ ಗಟ್ಟಿಕಾಳು ತಳ ಸೇರುವಂತೆ ಇಲ್ಲಿಯೂ ಒಂದು ಬಣ್ಣ ಮೇಲೇರಿ ಇನ್ನೊಂದು ಕೆಳಗಿಳಿಯುತ್ತದೆ; ಬೇರ್ಪಡಿಸುವುದು ತೂಕದ ಬದಲು ವಿದ್ಯುತ್ ಕ್ಷೇತ್ರ, ಅದರ ದಿಕ್ಕು ಬದಲಿಸಿದರೆ ಜೊಳ್ಳು ಮುಳುಗಿ ಕಾಳು ತೇಲುತ್ತದೆ. ಸ್ಲೇಟಿನ ಮೇಲೆ ಬರೆದ ಅಕ್ಷರದಂತೆ, ಒಮ್ಮೆ ಮೂಡಿದ ಪುಟಕ್ಕೆ ಮತ್ತೆ ವಿದ್ಯುತ್ ಬೇಕಿಲ್ಲ. ಸರಿಯಾಗಿ ಒರೆಸದ ಸ್ಲೇಟಿನಂತೆ ಹಿಂದಿನ ಪುಟದ ನೆರಳು ಒಮ್ಮೊಮ್ಮೆ ಉಳಿಯುವುದೂ ಉಂಟು. ಓದಿಸುವುದು ಮುಖ್ಯವಾಗಿ ಸುತ್ತಲಿನ ಬೆಳಕೇ ಆದ್ದರಿಂದ ಬಿಸಿಲಿನಲ್ಲಿ ಕುಳಿತಷ್ಟೂ ಪುಟ ಸ್ಪಷ್ಟವಾಗುತ್ತದೆ.

ಆದರೂ ಹಿಂದಿನಿಂದ ಬೆಳಕು ಬೀರುವ ಎಲ್‌ಸಿಡಿ ಪರದೆಗೆ ಹೋಲಿಸಿದಾಗ ಆಯಾಸ ಕಡಿಮೆಯೇ ಎಂಬ ಬಗ್ಗೆ ಪ್ರಯೋಗಗಳು ಒಮ್ಮತಕ್ಕೆ ಬಂದಿಲ್ಲ: 2012ರ ಸ್ವಿಸ್ ಅಧ್ಯಯನವೊಂದು ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ, 2013ರ ಮತ್ತೊಂದು ಅಧ್ಯಯನ ಕಂಡಿತು. ಅಕ್ಷರದ ಗಾತ್ರದ ಲೆಕ್ಕಕ್ಕೆ ಈ ವಿವಾದ ತಾಗುವುದಿಲ್ಲ.

ದೊಡ್ಡ ಪರದೆಯ ತೊಡಕೆಂದರೆ ತೂಕ. 400 ಗ್ರಾಂ ಮೀರುವ ಸಾಧನವನ್ನು ಒಂದೇ ಕೈಯಲ್ಲಿ ಹಿಡಿದು ಮಲಗಿ ಓದಲಾಗದು. ಓರೆಹಲಗೆಯ ಮೇಲೋ ತೊಡೆಯ ಮೇಲಿನ ದಿಂಬಿಗೋ ಒರಗಿಸಿಕೊಳ್ಳಬೇಕು. ಹಾಗೆ ಒರಗಿಸಿಕೊಂಡ ಮೇಲೆ, ಪುಟದ ಖಾಲಿ ಅಂಚನ್ನು ಕತ್ತರಿಸಿ ತೋರಿಸುವ ಸೌಲಭ್ಯವನ್ನು ತಪ್ಪದೆ ಬಳಸಿ. ಡೆಮಿ ಪುಟದಲ್ಲಿ ಅಕ್ಷರಗಳಿರುವ ಭಾಗದ ಎತ್ತರ ಏಳು ಅಂಗುಲವಾದರೆ ಅದು 10.3 ಅಂಗುಲದ ಪರದೆಯಲ್ಲಿ ಶೇ. 17ರಷ್ಟು ಹಿಗ್ಗುತ್ತದೆ. 12 ಪಾಯಿಂಟಿನಲ್ಲಿ ಅಚ್ಚಾದ ಹಳೆಯ ಪುಸ್ತಕವು ಚಾಳೀಸು ಬಂದ ಕಣ್ಣಿಗೆ 14 ಪಾಯಿಂಟಿನಲ್ಲಿ, ಧಕಾರದ ಹೊಟ್ಟೆಸೀಳಿನ ಸಮೇತ ಕಾಣುತ್ತದೆ.